ಗ್ರಾಫಿನೊಳಗೆ ಚಿತ್ರ ಕೂರಿಸುವುದು: ನಮ್ಮ ತಾತ ಹಿಡಿದ ತಪ್ಪು

ನಾನು ಓದಿದ್ದೆಲ್ಲಾ ಇಂಗ್ಲಿಷ್ ಮೀಡಿಯಂ. ಇಷ್ಟುದ್ದ ಕನ್ನಡದಲ್ಲಿ ಬರೀತಿರೋದು ಇದೇ ಮೊದಲು, ಅದೂ ಕೋಡಿಂಗ್ ಬಗ್ಗೆ. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ. ಫಂಕ್ಷನ್ ಹೆಸರುಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಸ್ಪೆಲಿಂಗ್ ಏನು ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ.

ವಿಷಯ ಇಷ್ಟೇ. ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಗ್ರಾಫ್ ಹಾಕೋದು ನಮಗೆಲ್ಲಾ ಬರುತ್ತೆ. ಆ ಗ್ರಾಫಿನ ಒಳಗೆ ಒಂದು ಫೋಟೋ ಅಥವಾ ಮ್ಯಾಪ್ ಕೂರಿಸಿ, ಅದರ ಮೇಲೆ ನಮ್ಮ ಚುಕ್ಕಿಗಳನ್ನು ಇಡಬೇಕು ಅಂದಾಗ ಏನೇನು ಎಡವಟ್ಟಾಗುತ್ತೆ, ಅದನ್ನು ಹೇಗೆ ತಪ್ಪಿಸಬಹುದು ಅನ್ನೋದು. ನಾನು ಎಡವಿದ್ದೇನೆ. ಎರರ್ ಬಂದಿದ್ದರೆ ಬೇಗ ಗೊತ್ತಾಗ್ತಿತ್ತು. ಎರರ್ ಬರಲಿಲ್ಲ. ಚಿತ್ರ ಚೆನ್ನಾಗೇ ಬಂತು, ಆದರೆ ಅದು ಹೇಳಿದ್ದು ಸುಳ್ಳು.

ನಮ್ಮ ಮಿನಿ ಪ್ರಾಜೆಕ್ಟ್

ನಮ್ಮ ಮನೆ ಬಂಗಾರಪೇಟೆಯಲ್ಲಿ. ತಾತ ಇರೋದು ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ, ಗಣಿ ಕಾಲದ ಹಳೆ ಲೈನ್ ಮನೆ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ನಾನು ಹುಟ್ಟುವ ಮುಂಚೆಯೇ. ನನಗೆ ಗೊತ್ತಿರೋ ಕೆಜಿಎಫ್ ಅಂದರೆ ಸೈನೈಡ್ ದಿಬ್ಬಗಳು. ಅದಿರನ್ನು ಪುಡಿ ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ನುಣ್ಣನೆ ಪುಡಿಯನ್ನು ರಾಶಿ ಹಾಕಿ ಹಾಕಿ ಅವು ಗುಡ್ಡಗಳೇ ಆಗಿವೆ. ಆಷಾಢದ ಗಾಳಿ ಶುರುವಾದರೆ ಆ ಪುಡಿ ಎದ್ದು ಊರೊಳಗೆ ಬರುತ್ತೆ. ತಾತ ದಿನಕ್ಕೆ ಎರಡು ಸಲ ಜಗುಲಿ ಗುಡಿಸ್ತಾರೆ.

ಅದಕ್ಕೇ ನಾನೂ ನನ್ನ ಟೀಮಿನವರೂ ಒಂದು ಸಣ್ಣ ಪ್ರಾಜೆಕ್ಟ್ ಹಾಕಿಕೊಂಡ್ವಿ. ಹನ್ನೆರಡು ಮನೆಗಳ ತಾರಸಿ ಮೇಲೆ ಸ್ಟೀಲ್ ತಟ್ಟೆ ಇಟ್ಟು, ವಾರದಲ್ಲಿ ಎಷ್ಟು ಧೂಳು ಬಿತ್ತು ಅಂತ ತೂಗೋದು. ಪ್ರತಿ ಮನೆಯ ಅಕ್ಷಾಂಶ ರೇಖಾಂಶವನ್ನು ಫೋನಿನ ಜಿಪಿಎಸ್‌ನಲ್ಲಿ ಬರೆದುಕೊಳ್ಳೋದು. ಕೊನೆಗೆ ಉಪಗ್ರಹ ಚಿತ್ರದ ಮೇಲೆ ಆ ಮನೆಗಳನ್ನು ವೃತ್ತಗಳಾಗಿ ತೋರಿಸೋದು. ಧೂಳು ಜಾಸ್ತಿ ಇದ್ದರೆ ದೊಡ್ಡ ವೃತ್ತ, ಕಮ್ಮಿ ಇದ್ದರೆ ಸಣ್ಣದು. ಚಿತ್ರ ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಎಡವಟ್ಟು: ಹನ್ನೆರಡು ಮನೆ, ಒಂದೇ ಚುಕ್ಕಿ

ಚಿತ್ರ ಓದೋಕೆ ಇಮ್‌ರೀಡ್, ತೋರಿಸೋಕೆ ಇಮ್‌ಶೋ. ಎರಡು ಸಾಲು ಕೋಡ್, ಚಿತ್ರ ಬಂತು. ಮೂರನೇ ಸಾಲಿನಲ್ಲಿ ಸ್ಕ್ಯಾಟರ್ ಹಾಕಿದೆ. ಹನ್ನೆರಡು ಮನೆಗಳೂ ಎಡಗಡೆ ಮೇಲಿನ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಒಂದೇ ಚುಕ್ಕಿಯಾಗಿದ್ದವು.

ಯಾಕೆ ಅಂತ ಅರ್ಥವಾಗಬೇಕಾದರೆ ಕಂಪ್ಯೂಟರಿಗೆ ಚಿತ್ರ ಅಂದರೆ ಏನು ಅಂತ ನೋಡಬೇಕು. ಅದು ಬರೀ ನಂಬರುಗಳ ಕೋಷ್ಟಕ. ನನ್ನ ಚಿತ್ರದಲ್ಲಿ ಸುಮಾರು 1630 ಸಾಲು, 2000 ಕಾಲಂ ಇದ್ದವು. ಪ್ರತಿ ಮನೆಯಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಸಂಖ್ಯೆ. ಇದು ಕೆಜಿಎಫ್ ಅನ್ನೋದು ಆ ಕೋಷ್ಟಕಕ್ಕೆ ಗೊತ್ತಿಲ್ಲ. ಹಾಗಾಗಿ ಏನೂ ಹೇಳದೇ ಹೋದರೆ ಇಮ್‌ಶೋ ಪಿಕ್ಸೆಲ್ ಎಣಿಕೆಯನ್ನೇ ಆಕ್ಸಿಸ್ ಮಾಡಿಕೊಳ್ಳುತ್ತೆ: ಅಡ್ಡಕ್ಕೆ 0ಯಿಂದ 1999, ಉದ್ದಕ್ಕೆ 0ಯಿಂದ 1629. ನನ್ನ ಮನೆಗಳ ರೇಖಾಂಶ 78 ಚಿಲ್ಲರೆ, ಅಕ್ಷಾಂಶ 12 ಚಿಲ್ಲರೆ. ಅದು ಪಾಪ ಎಲ್ಲಾ ಮನೆಗಳನ್ನೂ 78ನೇ ಕಾಲಂ, 12-13ನೇ ಸಾಲಿನ ಹತ್ತಿರ ಇಟ್ಟಿತು. ಕೇಳಿದ್ದನ್ನೇ ಮಾಡಿದೆ.

ಎಕ್ಸ್‌ಟೆಂಟ್: ಚಿತ್ರಕ್ಕೆ ಅದರ ಜಾಗ ಹೇಳುವುದು

ಇದಕ್ಕೆ ಮದ್ದು ಎಕ್ಸ್‌ಟೆಂಟ್. ಇಮ್‌ಶೋಗೆ ನಾಲ್ಕು ಸಂಖ್ಯೆ ಕೊಡಬೇಕು: ಎಡ, ಬಲ, ಕೆಳಗೆ, ಮೇಲೆ. ಇದೇ ಕ್ರಮದಲ್ಲಿ. ನನ್ನ ಚಿತ್ರದ ಎಡ ಅಂಚು 78.15 ಡಿಗ್ರಿ ಪೂರ್ವ ರೇಖಾಂಶ, ಬಲ ಅಂಚು 78.30. ಕೆಳಗಿನ ಅಂಚು 12.90 ಡಿಗ್ರಿ ಉತ್ತರ ಅಕ್ಷಾಂಶ, ಮೇಲಿನದು 13.02. ಬಂಗಾರಪೇಟೆ ಊರು ಸುಮಾರು 12.99 ಮತ್ತು 78.18ರ ಹತ್ತಿರ ಬರುತ್ತೆ. ಅಂದರೆ ಚಿತ್ರದಲ್ಲಿ ಎಡಗಡೆ ಮೇಲೆ. ಕೆಜಿಎಫ್ ಅದರ ಬಲಕ್ಕೆ, ಸ್ವಲ್ಪ ಕೆಳಗೆ.

ಎರಡು ವಿಷಯ ಜ್ಞಾಪಕ ಇಟ್ಟುಕೊಳ್ಳಿ. ಒಂದು, ನಾವು ಬಾಯಲ್ಲಿ ಹೇಳೋದು "ಅಕ್ಷಾಂಶ, ರೇಖಾಂಶ" ಅಂತ. ಫೋನ್ ಕೂಡಾ ಅದೇ ಕ್ರಮದಲ್ಲಿ ಕೊಡುತ್ತೆ. ಆದರೆ ಗ್ರಾಫಿನಲ್ಲಿ ಎಕ್ಸ್ ಮೊದಲು, ಎಕ್ಸ್ ಅಂದರೆ ರೇಖಾಂಶ. ಉಲ್ಟಾ ಕೊಟ್ಟರೆ ಮನೆಗಳು ಚಿತ್ರದಿಂದ ಎಲ್ಲೋ ದೂರ ಹೋಗುತ್ತವೆ. ಎರಡು, ಈ ನಾಲ್ಕು ಸಂಖ್ಯೆ ಚಿತ್ರದ ಅಂಚಿನದೇ ಆಗಿರಬೇಕು. ಸ್ಕ್ರೀನ್‌ಶಾಟ್ ತೆಗೆದಮೇಲೆ ಕ್ರಾಪ್ ಮಾಡಿದರೆ ಹಳೆ ಸಂಖ್ಯೆ ಕೆಲಸಕ್ಕೆ ಬರಲ್ಲ.

ಎಕ್ಸ್‌ಟೆಂಟ್ ಕೊಟ್ಟ ತಕ್ಷಣ ಚುಕ್ಕಿಗಳು ಹರಡಿಕೊಂಡವು. ಖುಷಿಯಾಯ್ತು. ದೊಡ್ಡ ವೃತ್ತಗಳು ದಿಬ್ಬದಿಂದ ದೂರ ಇದ್ದವು, ದಿಬ್ಬದ ಹತ್ತಿರ ಸಣ್ಣ ವೃತ್ತಗಳು. ನಾನು ರಿಪೋರ್ಟಿನಲ್ಲಿ ಬರೆದೇ ಬಿಟ್ಟೆ: "ದಿಬ್ಬಕ್ಕೂ ಮನೆಗಳ ಧೂಳಿಗೂ ನೇರ ಸಂಬಂಧ ಕಾಣುತ್ತಿಲ್ಲ."

ತಾತ ನೋಡಿದ್ದು

ಶನಿವಾರ ತಾತನ ಮನೆಗೆ ಹೋದಾಗ ಲ್ಯಾಪ್‌ಟಾಪ್ ತೆಗೆದು ತೋರಿಸಿದೆ. ತಾತನಿಗೆ ಗ್ರಾಫ್ ಎಲ್ಲಾ ಗೊತ್ತಿಲ್ಲ. ಕನ್ನಡಕ ಹಾಕಿಕೊಂಡು ಸುಮಾರು ಹೊತ್ತು ನೋಡಿದರು.

"ನಮ್ಮ ಮನೆ ಎಲ್ಲಮ್ಮಾ ಇದರಲ್ಲಿ?"

ವೃತ್ತ ತೋರಿಸಿದೆ.

"ಹಂಗಾದ್ರೆ ದಿಬ್ಬ ಯಾಕೆ ಆ ಕಡೆ ಹೋಗಿದೆ? ನಮ್ಮ ಬಾಗಿಲು ತೆಗೆದ್ರೆ ದಿಬ್ಬ. ನೀನು ಮನೇನ ತಗೊಂಡು ಹೋಗಿ ಹೊಲದಾಗೆ ಇಟ್ಟಿದೀಯ."

"ಜಿಪಿಎಸ್ ತಾತ, ಅದು ತಪ್ಪಾಗಲ್ಲ" ಅಂದೆ.

"ಅದ್ಯಾವುದೋ ನಂಗೊತ್ತಿಲ್ಲ. ದಿನಾ ಕಸ ಗುಡಿಸೋನು ನಾನು" ಅಂದರು.

ನಿಜ ಹೇಳ್ತೀನಿ, ಆಗ ನಾನು ತಾತನಿಗೆ ಮ್ಯಾಪ್ ಓದೋಕೆ ಬರಲ್ಲ ಅಂದುಕೊಂಡೆ. ಆದರೂ ಮನಸ್ಸು ತಡೀಲಿಲ್ಲ. ವಾಪಸ್ ಬಂಗಾರಪೇಟೆಗೆ ರೈಲಿನಲ್ಲಿ ಬರುವಾಗ ಫೋನಿನಲ್ಲಿ ಜಿಪಿಎಸ್ ಟ್ರ್ಯಾಕ್ ಆನ್ ಮಾಡಿ ಇಟ್ಟೆ. ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಊರ್ಗಾಂ, ಬೆಮೆಲ್ ನಗರ, ಕೋರಮಂಡಲ್ ದಾಟಿ ಬಂಗಾರಪೇಟೆ. ಗಣಿಗೋಸ್ಕರವೇ 1894ರಲ್ಲಿ ಶುರುವಾದ ಲೈನು ಇದು. ಮನೆಗೆ ಬಂದು ಆ ಟ್ರ್ಯಾಕನ್ನು ಅದೇ ಚಿತ್ರದ ಮೇಲೆ ಗೆರೆಯಾಗಿ ಎಳೆದೆ. ಉಪಗ್ರಹ ಚಿತ್ರದಲ್ಲಿ ರೈಲು ಹಳಿ ಸಣ್ಣ ದಾರದ ಹಾಗೆ ಕಾಣುತ್ತೆ. ನನ್ನ ಗೆರೆ ಅದರ ಮೇಲೆ ಕೂರಬೇಕಿತ್ತು. ಕೂರಲಿಲ್ಲ. ನನ್ನ ರೈಲು ಹಳಿಯೇ ಇಲ್ಲದ ಕಡೆ ಹೊಲ, ಕೆರೆಗಳ ಮೇಲೆ ಹೋಗ್ತಿತ್ತು. ಚಿತ್ರದಲ್ಲಿನ ಹಳಿ ಕೆಳಗಿನಿಂದ ಮೇಲಕ್ಕೆ, ನನ್ನ ಗೆರೆ ಮೇಲಿನಿಂದ ಕೆಳಕ್ಕೆ. ಕನ್ನಡಿ ಇಟ್ಟ ಹಾಗೆ.

ಚಿತ್ರವೇ ತಲೆಕೆಳಗಾಗಿತ್ತು. ಉಪಗ್ರಹ ಚಿತ್ರದಲ್ಲಿ ಊರಿನ ಹೆಸರು, ಅಕ್ಷರ ಏನೂ ಇರಲಿಲ್ಲ. ಇದ್ದಿದ್ದರೆ ಮೊದಲ ನೋಟಕ್ಕೇ ಗೊತ್ತಾಗ್ತಿತ್ತು. ಮೇಲಿಂದ ನೋಡಿದ ಹೊಲ, ಕೆರೆ, ದಿಬ್ಬಗಳನ್ನು ತಿರುಗಿಸಿಟ್ಟರೂ ಅವು ಹೊಲ, ಕೆರೆ, ದಿಬ್ಬಗಳ ಹಾಗೇ ಕಾಣುತ್ತವೆ.

ಒರಿಜಿನ್: ಮೇಲಿಂದ ಎಣಿಸೋದಾ, ಕೆಳಗಿಂದ ಎಣಿಸೋದಾ

ತಪ್ಪು ಎಲ್ಲಿತ್ತು ಅಂದರೆ ಒಂದೇ ಪದದಲ್ಲಿ. ನಾನು ಹಿಂದಿನ ಸೆಮಿಸ್ಟರಿನ ಹೀಟ್‌ಮ್ಯಾಪ್ ಕೋಡ್ ಕಾಪಿ ಮಾಡಿದ್ದೆ. ಅದರಲ್ಲಿ ಒರಿಜಿನ್ ಅನ್ನೋದಕ್ಕೆ "ಲೋಯರ್" ಅಂತ ಇತ್ತು. ಅದನ್ನು ಹಾಗೇ ಬಿಟ್ಟಿದ್ದೆ.

ಸ್ಕೂಲಿನಲ್ಲಿ ಗ್ರಾಫ್ ಶೀಟ್ ಮೇಲೆ ನಾವು ಸೊನ್ನೆಯನ್ನು ಕೆಳಗೆ ಇಡ್ತೀವಿ, ಮೇಲಕ್ಕೆ ಹೋದ ಹಾಗೆ ವೈ ಜಾಸ್ತಿಯಾಗುತ್ತೆ. ಚಿತ್ರದ ಫೈಲು ಹಾಗಲ್ಲ. ಅದರ ಸೊನ್ನೆಯನೇ ಸಾಲು ಎಲ್ಲಕ್ಕಿಂತ ಮೇಲೆ. ಪುಸ್ತಕದ ಪುಟ ಓದೋ ಹಾಗೆ ಮೇಲಿಂದ ಕೆಳಗೆ ಎಣಿಕೆ. ಕೆಜಿಎಫ್‌ನವರಿಗೆ ಇದನ್ನು ಇನ್ನೂ ಸುಲಭವಾಗಿ ಹೇಳಬಹುದು: ಚಿತ್ರ ಗಣಿಯ ಹಾಗೆ ಎಣಿಸುತ್ತೆ. ಗಣಿಯಲ್ಲಿ ಸೊನ್ನೆ ಅಂದರೆ ಶಾಫ್ಟಿನ ಬಾಯಿ, ಇಳಿದ ಹಾಗೆ ಲೆವೆಲ್ ನಂಬರ್ ಜಾಸ್ತಿ.

ಒರಿಜಿನ್ ಅನ್ನೋದು ಆ ಸೊನ್ನೆಯನೇ ಸಾಲನ್ನು ಎಲ್ಲಿಡಬೇಕು ಅಂತ ಹೇಳುವ ಮಾತು. "ಅಪ್ಪರ್" ಅಂದರೆ ಮೇಲೆ, "ಲೋಯರ್" ಅಂದರೆ ಕೆಳಗೆ. ಸುಮ್ಮನಿದ್ದರೆ ಮ್ಯಾಟ್‌ಪ್ಲಾಟ್‌ಲಿಬ್ "ಅಪ್ಪರ್" ಅಂತಲೇ ತಗೊಳ್ಳುತ್ತೆ. ಫೋಟೋ, ಸ್ಕ್ರೀನ್‌ಶಾಟ್, ಸ್ಕ್ಯಾನ್ ಮಾಡಿದ ಮ್ಯಾಪ್, ಇವಕ್ಕೆಲ್ಲಾ "ಅಪ್ಪರ್" ಸರಿ. "ಲೋಯರ್" ಬೇಕಾಗೋದು ನಾವೇ ಲೆಕ್ಕ ಹಾಕಿದ ಗ್ರಿಡ್‌ಗೆ. ವೈ ಬೆಲೆ ಚಿಕ್ಕದರಿಂದ ದೊಡ್ಡದಕ್ಕೆ ಲೂಪ್ ಓಡಿಸಿ ಅರೇ ತುಂಬಿಸಿದ್ದರೆ ಅದರ ಸೊನ್ನೆಯನೇ ಸಾಲು ನಿಜವಾಗಿಯೂ ಕೆಳಗಿನದು. ಹೀಟ್‌ಮ್ಯಾಪ್‌ನಲ್ಲಿ ಸರಿಯಾಗಿದ್ದದ್ದು ಫೋಟೋಗೆ ತಪ್ಪಾಯ್ತು.

ಇಲ್ಲಿ ಗಮನಿಸಬೇಕಾದ್ದು, ಎಕ್ಸ್‌ಟೆಂಟ್ ಸರಿ ಇದ್ದರೂ ಒರಿಜಿನ್ ತಪ್ಪಿರಬಹುದು. ಎಕ್ಸ್‌ಟೆಂಟ್ ಚಿತ್ರದ ನಾಲ್ಕು ಗೋಡೆ ಎಲ್ಲಿ ಅಂತ ಮಾತ್ರ ಹೇಳುತ್ತೆ. ಗೋಡೆಗಳು ಸರಿಯಾಗಿದ್ದವು, ಒಳಗಿನ ಸಾಮಾನು ತಲೆಕೆಳಗಾಗಿತ್ತು. ಆಕ್ಸಿಸ್ ಮೇಲಿನ ಸಂಖ್ಯೆಗಳೆಲ್ಲ ಸರಿಯಾಗಿದ್ದದ್ದರಿಂದ ನನಗೆ ಅನುಮಾನವೇ ಬರಲಿಲ್ಲ.

ಆ ಒಂದು ಪದ ತೆಗೆದೆ. ರೈಲಿನ ಗೆರೆ ಹಳಿಯ ಮೇಲೆ ಕೂತಿತು. ತಾತನ ಮನೆ ದಿಬ್ಬದ ಬುಡಕ್ಕೆ ಬಂತು. ದೊಡ್ಡ ವೃತ್ತಗಳೆಲ್ಲ ದಿಬ್ಬದ ಸುತ್ತ. ರಿಪೋರ್ಟಿನ ಆ ವಾಕ್ಯ ಹೊಡೆದು ಹಾಕಿದೆ. ಹನ್ನೆರಡು ತಟ್ಟೆ, ಒಂದು ವಾರ, ಇಷ್ಟರಿಂದ ಏನನ್ನೂ ಸಾಧಿಸಿದ ಹಾಗಾಗಲ್ಲ, ಅದನ್ನೂ ಬರೆದಿದ್ದೇವೆ. ಆದರೆ ಸಂಬಂಧವೇ ಇಲ್ಲ ಅಂತ ಬರೆದು ಸಬ್‌ಮಿಟ್ ಮಾಡಿದ್ದಿದ್ದರೆ? ದಿನಾ ಆ ಧೂಳು ಗುಡಿಸುವವರ ಮನೆಯ ತಟ್ಟೆಯನ್ನೇ ಇಟ್ಟುಕೊಂಡು ಅವರ ಮಾತು ಸುಳ್ಳು ಅಂತ ನಾವು ಬರೆದ ಹಾಗಾಗ್ತಿತ್ತು.

ಆಸ್ಪೆಕ್ಟ್: ಎಳೆಯಬೇಡಿ, ಎಳೆದರೆ ಹೇಳಿ

ಮೂರನೆಯದು ಆಸ್ಪೆಕ್ಟ್. ಇಮ್‌ಶೋ ಸುಮ್ಮನಿದ್ದರೆ "ಈಕ್ವಲ್" ಇಟ್ಟುಕೊಳ್ಳುತ್ತೆ, ಅಂದರೆ ಅಡ್ಡದ ಒಂದು ಯೂನಿಟ್, ಉದ್ದದ ಒಂದು ಯೂನಿಟ್ ಪರದೆ ಮೇಲೆ ಒಂದೇ ಅಳತೆ. "ಆಟೋ" ಕೊಟ್ಟರೆ ಚಿತ್ರವನ್ನು ಎಳೆದು ಜಾಗ ತುಂಬಿಸುತ್ತೆ. ಪಿಪಿಟಿಯಲ್ಲಿ ಚೆನ್ನಾಗಿ ಕಾಣುತ್ತೆ ಅಂತ ಎಳೆದರೆ ಗುಂಡಗಿನ ಕೆರೆ ಮೊಟ್ಟೆಯಾಗುತ್ತೆ.

ಮ್ಯಾಪಿನಲ್ಲಿ "ಈಕ್ವಲ್" ಕೂಡಾ ಪೂರ್ತಿ ಸರಿಯಲ್ಲ. ಭೂಮಧ್ಯರೇಖೆಯಿಂದ ದೂರ ಹೋದ ಹಾಗೆ ಒಂದು ಡಿಗ್ರಿ ರೇಖಾಂಶದ ದೂರ ಕಮ್ಮಿಯಾಗುತ್ತೆ, ಅಕ್ಷಾಂಶದ ಕಾಸ್ ಬೆಲೆಯಷ್ಟು. ನಮ್ಮ 13 ಡಿಗ್ರಿಯಲ್ಲಿ ಕಾಸ್ ಬೆಲೆ 0.974. ಆದ್ದರಿಂದ ಆಸ್ಪೆಕ್ಟ್‌ಗೆ 1 ಭಾಗಿಸು 0.974, ಅಂದರೆ ಸುಮಾರು 1.026 ಕೊಟ್ಟರೆ ಚಿತ್ರ ನೆಲದ ಆಕಾರಕ್ಕೆ ಬರುತ್ತೆ. ವ್ಯತ್ಯಾಸ ಎರಡೂವರೆ ಪರ್ಸೆಂಟ್ ಅಷ್ಟೇ. ಚಿತ್ರ, ಚುಕ್ಕಿ ಎರಡೂ ಒಟ್ಟಿಗೇ ಎಳೆಯಲ್ಪಡೋದರಿಂದ ಮನೆಗಳು ಜಾಗ ಬಿಟ್ಟು ಹೋಗಲ್ಲ. ಪ್ರಿಂಟ್ ಮೇಲೆ ಸ್ಕೇಲ್ ಇಟ್ಟು ದೂರ ಅಳೆಯೋರಿಗೆ ಮಾತ್ರ ಇದು ಮುಖ್ಯ.

ತಾತನ ಚಿತ್ರ

ತಪ್ಪು ಸಿಕ್ಕಿದ್ದನ್ನು ಮುಂದಿನ ವಾರ ಹೋಗಿ ಹೇಳಿದೆ. ತಾತ ನಕ್ಕರು. ಆಮೇಲೆ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಗಣಿಯನ್ನು ಬರೆದು ಕೊಟ್ಟರು. ಮೇಲೆ ಒಂದು ಗೆರೆ ನೆಲ, ಕೆಳಗೆ ಉದ್ದಕ್ಕೆ ಶಾಫ್ಟು, ಅಡ್ಡಕ್ಕೆ ಲೆವೆಲ್‌ಗಳು, ತಳದಲ್ಲಿ "ಹತ್ತೂವರೆ ಸಾವಿರ ಅಡಿ" ಅಂತ ಬರಹ. ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿಲೋಮೀಟರ್, ಲೆಕ್ಕ ಸರಿಯಾಗೇ ಇದೆ.

ಅದರ ಫೋಟೋ ತೆಗೆದು, ನೆಲದ ಗೆರೆಯಿಂದ ತಳದ ಗೆರೆವರೆಗೆ ಕ್ರಾಪ್ ಮಾಡಿ, ಕಪ್ಪು ಬಿಳುಪು ಮಾಡಿ ಇಮ್‌ಶೋಗೆ ಕೊಟ್ಟೆ. ಪೆನ್ಸಿಲ್ ಗೆರೆ ನೇರಳೆ, ಹಾಳೆ ಹಳದಿ! ಒಂದೇ ಬಣ್ಣದ ಕೋಷ್ಟಕ ಕೊಟ್ಟರೆ ಮ್ಯಾಟ್‌ಪ್ಲಾಟ್‌ಲಿಬ್ ಅದನ್ನು ಫೋಟೋ ಅಂತ ನೋಡಲ್ಲ, ಡೇಟಾ ಅಂತ ತಿಳಿದು ತನ್ನದೇ ಬಣ್ಣ ಬಳಿಯುತ್ತೆ. "ಅರಿಶಿನ ಬಳಿದಿದೀಯಲ್ಲಮ್ಮಾ ಗಣಿಗೆ" ಅಂದರು ತಾತ. ಸಿಮ್ಯಾಪ್‌ಗೆ "ಗ್ರೇ" ಅಂತ ಕೊಟ್ಟರೆ ಸರಿಹೋಗುತ್ತೆ. ಇದರ ಜೊತೆಗೆ ಇನ್ನೊಂದು ಬಣ್ಣದ ತೊಂದರೆಯನ್ನೂ ಹೇಳಿಬಿಡ್ತೀನಿ. ಚಿತ್ರವನ್ನು ಓಪನ್‌ಸಿವಿಯಲ್ಲಿ ಓದಿದರೆ ಅದು ನೀಲಿ, ಹಸಿರು, ಕೆಂಪು ಕ್ರಮದಲ್ಲಿ ಕೊಡುತ್ತೆ. ತಿರುಗಿಸದೇ ಇಮ್‌ಶೋಗೆ ಹಾಕಿದರೆ ಕೋಲಾರದ ಕೆಂಪು ಮಣ್ಣು ನೀಲಿಯಾಗಿರುತ್ತೆ.

ಈ ಚಿತ್ರಕ್ಕೆ ಎಕ್ಸ್‌ಟೆಂಟ್ ಕೊಡುವಾಗ ಕೆಳಗಿನದು 3200, ಮೇಲಿನದು 0 ಅಂತ ಕೊಟ್ಟೆ. ಆಗ ವೈ ಆಕ್ಸಿಸ್ ತಾನೇ ತಿರುಗಿಕೊಂಡು ಸೊನ್ನೆ ಮೇಲೆ ಬರುತ್ತೆ, ಆಳ ಕೆಳಕ್ಕೆ ಬೆಳೆಯುತ್ತೆ. ಒರಿಜಿನ್ "ಅಪ್ಪರ್" ಇರೋದರಿಂದ ಚಿತ್ರವೂ ನೆಟ್ಟಗೇ ಇರುತ್ತೆ. ಅಡ್ಡಕ್ಕೆ ತಾತ ಯಾವ ಅಳತೆಯನ್ನೂ ಇಟ್ಟುಕೊಂಡಿರಲಿಲ್ಲ, ಹಾಗಾಗಿ ಇಲ್ಲಿ ಆಸ್ಪೆಕ್ಟ್ "ಆಟೋ" ಇಟ್ಟು, ಎಕ್ಸ್ ಆಕ್ಸಿಸ್‌ನ ಅಂಕಿಗಳನ್ನು ತೆಗೆದುಹಾಕಿದೆ. ಇಲ್ಲದ ಅಳತೆಯನ್ನು ಇದೆ ಅಂತ ತೋರಿಸಬಾರದು.

ಅದರ ಮೇಲೆ ಮೂರು ಗುರುತು ಹಾಕಿದೆ. 828 ಮೀಟರ್ ಆಳಕ್ಕೆ ಒಂದು ಗೆರೆ: ದುಬೈನ ಬುರ್ಜ್ ಖಲೀಫಾವನ್ನು ತಲೆಕೆಳಗಾಗಿ ಇಳಿಸಿದರೆ ಅಲ್ಲಿಗೆ ಮುಟ್ಟುತ್ತೆ. ಗಣಿಯ ತಳ ಮುಟ್ಟಬೇಕಾದರೆ ಅಂಥವು ಹೆಚ್ಚುಕಮ್ಮಿ ನಾಲ್ಕು ಬೇಕು. ಸುಮಾರು 2300 ಮೀಟರಿಗೆ ಇನ್ನೊಂದು: ಟಿಐಎಫ್‌ಆರ್ ವಿಜ್ಞಾನಿಗಳು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನವರ ಜೊತೆ ಸೇರಿ 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳನ್ನು ಗುರುತಿಸಿದ್ದು ಅಲ್ಲಿ. ಬೇರೆ ಕಣಗಳನ್ನು ಮೇಲಿನ ಬಂಡೆ ತಡೆಯಲಿ ಅಂತಲೇ ಅಷ್ಟು ಆಳ. ಮೂರನೆಯದು ತಾತ ಹೇಳಿದ ಲೆವೆಲ್ಲು. ಯಾವ ಲೆವೆಲ್ ಅಂತ ಇಲ್ಲಿ ಬರೆಯಲ್ಲ. ರಾಕ್ ಬರ್ಸ್ಟ್ ಆಗಿ ಅವರ ಜೊತೆ ಕೆಲಸ ಮಾಡ್ತಿದ್ದವರೊಬ್ಬರು ವಾಪಸ್ ಬರದೇ ಇದ್ದ ಜಾಗ ಅದು. ನಾನು ಚುಕ್ಕಿ ಇಟ್ಟೆ. "ಇನ್ನೂ ಸ್ವಲ್ಪ ಕೆಳಗೆ" ಅಂದರು. ಇಳಿಸಿದೆ. "ಹಾಂ, ಅಲ್ಲಿ" ಅಂದರು.

ಮೂಲೆಯಲ್ಲೊಂದು ಸಣ್ಣ ಚಿತ್ರ

ಚಿತ್ರವನ್ನು ಹಿನ್ನೆಲೆಯಾಗಿ ಅಲ್ಲ, ಗ್ರಾಫಿನ ಮೂಲೆಯಲ್ಲಿ ಚಿಕ್ಕದಾಗಿ ಇಡಬೇಕಾದರೆ ದಾರಿ ಬೇರೆ. ಇನ್‌ಸೆಟ್ ಆಕ್ಸಿಸ್ ಅನ್ನೋ ಫಂಕ್ಷನ್‌ಗೆ ನಾಲ್ಕು ಸಂಖ್ಯೆ: ಎಡದಿಂದ ಎಷ್ಟು, ಕೆಳಗಿನಿಂದ ಎಷ್ಟು, ಅಗಲ, ಎತ್ತರ. ಎಲ್ಲವೂ 0ಯಿಂದ 1ರೊಳಗೆ, ಗ್ರಾಫಿನ ಜಾಗದ ಭಾಗವಾಗಿ. ಉದಾಹರಣೆಗೆ 0.7, 0.7, 0.28, 0.28 ಕೊಟ್ಟರೆ ಬಲಗಡೆ ಮೇಲಿನ ಮೂಲೆ. ಅದರೊಳಗೆ ಇಮ್‌ಶೋ ಮಾಡಿ, ಆಕ್ಸಿಸ್ ಆಫ್ ಮಾಡಿದರೆ ಮುಗೀತು. ಕಾಲೇಜ್ ಲೋಗೋ, ತಟ್ಟೆಯ ಫೋಟೋ, ಏನು ಬೇಕಾದರೂ ಇಡಬಹುದು. ಗಮನಿಸಿ, ಎಕ್ಸ್‌ಟೆಂಟ್‌ನ ನಾಲ್ಕು ಸಂಖ್ಯೆಗಳ ಅರ್ಥವೇ ಬೇರೆ, ಇದರದ್ದೇ ಬೇರೆ. ಚುಕ್ಕಿಯ ಬದಲು ಪ್ರತಿ ಪಾಯಿಂಟ್‌ನಲ್ಲೂ ಸಣ್ಣ ಐಕಾನ್ ಬೇಕು ಅಂದರೆ ಆಫ್‌ಸೆಟ್ ಇಮೇಜ್ ಮತ್ತು ಅನೊಟೇಶನ್ ಬಿಬಾಕ್ಸ್ ಜೋಡಿ ಇದೆ. ಐಕಾನ್ ಜಾಗ ಡೇಟಾ ಪ್ರಕಾರ ಇರುತ್ತೆ, ಅದರ ಗಾತ್ರ ಮಾತ್ರ ಝೂಮ್ ಸಂಖ್ಯೆ ಹೇಳಿದಷ್ಟು.

ಸಬ್‌ಮಿಟ್ ಮಾಡುವ ಮುಂಚೆ

ನಾನೀಗ ಪ್ರತಿ ಸಲ ಮಾಡೋದು ಇಷ್ಟು. ಡೇಟಾ ಹಾಕುವ ಮುಂಚೆ, ಜಾಗ ಖಂಡಿತ ಗೊತ್ತಿರುವ ಮೂರು ಪಾಯಿಂಟ್‌ಗಳನ್ನು ಚಿತ್ರದ ಮೇಲೆ ಹಾಕಿ ನೋಡ್ತೀನಿ. ಒಂದೇ ಪಾಯಿಂಟ್ ಸಾಲದು. ಅದು ಚಿತ್ರದ ಮಧ್ಯದಲ್ಲಿದ್ದರೆ ತಲೆಕೆಳಗಾದರೂ ಅಲ್ಲೇ ಇರುತ್ತೆ. ಒಂದೇ ಗೆರೆಯ ಮೇಲಿರುವ ಮೂರೂ ಬೇಡ, ಮೂಲೆಗಳ ಹತ್ತಿರ ಇರಲಿ. ಬಂಗಾರಪೇಟೆ ಸ್ಟೇಷನ್, ಮಾರಿಕುಪ್ಪಂ ಸ್ಟೇಷನ್, ಮತ್ತೆ ಬೇರೆ ಕಡೆಯ ಒಂದು ಕೆರೆ ಏರಿ. ಮೂರೂ ಅವವುಗಳ ಜಾಗದಲ್ಲಿ ಕೂತರೆ ಎಕ್ಸ್‌ಟೆಂಟ್, ಒರಿಜಿನ್ ಎರಡೂ ಸರಿ ಅಂತ. ಚುಕ್ಕಿಗಳು ಚಿತ್ರದಿಂದ ಕಣ್ಣಿಗೆ ಬೀಳದಿದ್ದರೆ ಆಲ್ಫಾ 0.6 ಕೊಟ್ಟು ಚಿತ್ರವನ್ನು ಸ್ವಲ್ಪ ತಿಳಿ ಮಾಡಿ.

ಆಮೇಲೆ, ಆ ಜಾಗದಲ್ಲಿ ಬದುಕಿರೋ ಒಬ್ಬರಿಗೆ ತೋರಿಸಿ. ಅವರಿಗೆ ಪೈಥಾನ್ ಬರಬೇಕಾಗಿಲ್ಲ.

ತಾತನ ಗಣಿ ಚಿತ್ರವನ್ನು ಎ3 ಶೀಟಿನಲ್ಲಿ ಪ್ರಿಂಟ್ ಹಾಕಿಸಿ ಕೊಟ್ಟಿದ್ದೇನೆ. ಗೋಡೆಗೆ ಅಂಟಿಸಿಕೊಂಡಿದ್ದಾರೆ. ವಾರಕ್ಕೊಮ್ಮೆ ಅದನ್ನೂ ಒರೆಸ್ತಾರಂತೆ, ಧೂಳು ಕೂರುತ್ತಲ್ಲ. ಕೋಡ್ ಬೇಕಾದವರು ಸಂಘದ ರೂಮಿಗೆ ಬನ್ನಿ, ಕೊಡ್ತೀನಿ.